ಸಣ್ಣ ಮನೆಗಳ ಕೋಟೆ

ಭಾನುವಾರ ಬೆಳಿಗ್ಗೆ ಫೋನು ಬಡಿದುಕೊಂಡರೆ ಬೇರೆ ಯಾರೂ ಎತ್ತಬಾರದು ಎಂಬುದು ಭಾಂಡುಪ್‌ನ ಆ ಮನೆಯ ಕಟ್ಟಳೆ. ಎತ್ತುವುದು ಶಿವಪುತ್ರಪ್ಪನವರೇ. ಅಷ್ಟರಲ್ಲಿ ಅವರು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಊಟದ ಮೇಜಿನ ಮೇಲೆ ನಕ್ಷೆ ಹರಡಿ, ಅದರ ಮೂಲೆ ಮೂಲೆಗೆ ಸ್ಟೀಲಿನ ಲೋಟ ಇಟ್ಟು ಕಾದಿರುತ್ತಿದ್ದರು. ಹೆಂಡತಿ ರಾಚವ್ವ ಅಡುಗೆಮನೆಯಿಂದ ಆ ಲೋಟಗಳಿಗಾಗಿ ಕೂಗುತ್ತಿದ್ದರು.

"ಚಾ ಯಾತರಾಗ ಹಾಕ್ಲಿ? ಎಲ್ಲಾ ಲೋಟ ನಿಮ್ಮ ಕ್ವಾಟಿ ಕಾಯಾಕ ನಿಂತಾವ."

"ಬಟ್ಟಲದಾಗ ಹಾಕು."

ಫೋನಿನ ಆ ತುದಿಯಲ್ಲಿ, ಬೊರಿವಲಿಯಲ್ಲಿ, ಸತ್ಯಮೂರ್ತಿ ಇರುತ್ತಿದ್ದರು. ಕುಶಲ ಕೇಳುವ ಪದ್ಧತಿ ಇಬ್ಬರಿಗೂ ಇರಲಿಲ್ಲ.

"ಏನು ಸ್ವಾಮಿ, ನಿಮ್ಮ ಪರಪ್ಪ ಎದ್ದನೋ ಇಲ್ಲವೋ? ಹೋದ ವಾರ ಲಾಯದ ಹುಲ್ಲಿನಲ್ಲಿ ಮಲಗಿಸಿ ಹೋಗಿದ್ದಿರಿ."

"ಎದ್ದಾನ್ರಿ. ಮೈ ತುಂಬ ಹುಲ್ಲ ಐತಿ. ಹೊರಗ ಯಾರ ಅದಾರ ಹೇಳ್ರಿ."

ಪರಪ್ಪ ಎಂಬ ಮನುಷ್ಯ ಎಲ್ಲಿಯೂ ಇರಲಿಲ್ಲ. ಅವನು ಒಂದು ಕೋಟೆಯೊಳಗೆ ನುಸುಳಿದ ಗೂಢಚಾರ, ಆ ಕೋಟೆಯೂ ಕಾಗದದ್ದು. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಸತ್ಯಮೂರ್ತಿಯ ಬಂಧುವೊಬ್ಬರು ದೂರದ ಬಂದರೊಂದರಲ್ಲಿ ನೋಡಿ ಬಂದು ಕಲಿಸಿದ ಆಟವಿದು. ಒಬ್ಬ ಕತೆ ಹೇಳಬೇಕು. ಇನ್ನೊಬ್ಬ ಕತೆಯೊಳಗಿನ ಒಬ್ಬನಾಗಿ ಮಾತಾಡಬೇಕು, ನಡೆಯಬೇಕು. ಮುಂದೆ ಚೌಕದ ಮನೆಗಳಿರುವ ನಕ್ಷೆ. ಅಪಾಯದ ಕೆಲಸವಾದರೆ ದಾಳ ಹಾಕಿ, ಗೆದ್ದನೋ ಬಿದ್ದನೋ ನೋಡಬೇಕು. ಸತ್ಯಮೂರ್ತಿ ಕತೆ ಹೇಳುವವರು. ಕಾವಲುಗಾರ, ಕುಂಟ ಜಮಾದಾರ, ಗುಟ್ಟು ಬಲ್ಲ ದೋಬಿ, ಸೊಕ್ಕಿನ ಕೋಟೆದಾರನ ತಾಯಿ ಎಲ್ಲರೂ ಅವರ ಗಂಟಲಿನಿಂದಲೇ ಹೊರಡುತ್ತಿದ್ದರು. ಪರಪ್ಪ ಮಾತ್ರ ಶಿವಪುತ್ರಪ್ಪನವರ ಪಾಲಿಗೆ.

ಶಿವಪುತ್ರಪ್ಪ ಮಾತಿಲ್ಲದ ಮನುಷ್ಯ. ವಿಜಾಪುರದಲ್ಲಿ, ಕೋಟೆಗೋಡೆಗೆ ಒರಗಿದಂತಿದ್ದ ಓಣಿಯಲ್ಲಿ ಹುಟ್ಟಿ, ನಕ್ಷೆ ಬರೆಯುವ ಕೆಲಸ ಕಲಿತು, ಭಾಂಡುಪ್‌ನ ಒಂದು ಪಂಪು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಸೇರಿದ್ದರು. ಇಡೀ ದಿನ ಓರೆ ಬೋರ್ಡಿನ ಮುಂದೆ ನಿಂತು ಗೆರೆ ಎಳೆದು, ಸಂಜೆ ಅದೇ ಮೌನವನ್ನು ಮನೆಗೆ ತರುತ್ತಿದ್ದರು. ಆದರೆ ಪರಪ್ಪನಾಗಿ ಮಾತಾಡುವಾಗ ಅವರು ಬೇರೆಯೇ. ಕಾವಲುಗಾರನಿಗೆ ಸುಳ್ಳು ಹೇಳುತ್ತಿದ್ದರು, ದೋಬಿಯೊಂದಿಗೆ ಜಗಳಕ್ಕೆ ನಿಲ್ಲುತ್ತಿದ್ದರು. ಕೋಟೆದಾರನ ತಾಯಿಯನ್ನು ಹೊಗಳಿ ಹೊಗಳಿ ಒಮ್ಮೆ ಬೀಗದ ಕೈಯನ್ನೇ ಈಸಿಕೊಂಡಿದ್ದರು. ರಾಚವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

"ಆ ಮುದುಕಿ ಕೂಡ ಮಾತಾಡಿದಂಗ ನನ್ನ ಕೂಡ ಯಾವತ್ತರ ಮಾತಾಡೀರೇನು?"

"ನಿನ್ನ ಹಂತೇಕ ಬೀಗದ ಕೈ ಎಲ್ಲೈತಿ?"

"ಎಲ್ಲಾ ತಗದ ಇಟ್ಟೀನಿ, ಅದಕ್ಕ ನಿಮಗ ಬೆಲಿ ಇಲ್ಲ."

ಸತ್ಯಮೂರ್ತಿ ಮೈಸೂರಿನವರು, ವಿಮಾ ಕಚೇರಿಯಲ್ಲಿ ಕೆಲಸ. ಎರಡೂ ಕುಟುಂಬಗಳು ಮೊದಲು ಭಾಂಡುಪ್‌ನ ಒಂದೇ ಚಾಳಿನಲ್ಲಿದ್ದವು. ಆಗ ಆಟ ನಡೆಯುತ್ತಿದ್ದದ್ದು ವರಾಂಡದಲ್ಲಿ, ಒಂದೇ ನಕ್ಷೆಯ ಸುತ್ತ ಕೂತು. ಮೊದಲ ನಕ್ಷೆಯನ್ನು ಶಿವಪುತ್ರಪ್ಪ ಕಾರ್ಖಾನೆಯಲ್ಲಿ ರದ್ದಾದ ಒಂದು ಪ್ರಿಂಟಿನ ಬೆನ್ನಿಗೆ, ದಪ್ಪ ಪೆನ್ಸಿಲಿನಲ್ಲಿ, ಒಂದೇ ಪಟ್ಟಿಗೆ ಕೂತು ಬರೆದಿದ್ದರು. ಒಂದೊಂದು ಮನೆಯೂ ಹೆಬ್ಬೆರಳಿನಷ್ಟು ಅಗಲ. ಅದರಲ್ಲಿ ಅಂಗಿಯ ಗುಂಡಿ ಇಟ್ಟರೆ ಅದೇ ಪರಪ್ಪ. ಗೋಡೆ, ಬಾಗಿಲು, ಬಾವಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಉಳಿದದ್ದನ್ನು ಸತ್ಯಮೂರ್ತಿ ಬಾಯಲ್ಲಿ ತುಂಬುತ್ತಿದ್ದರು.

ಸತ್ಯಮೂರ್ತಿ ಬೊರಿವಲಿಯಲ್ಲಿ ಮನೆ ಮಾಡಿಕೊಂಡು ಹೋದ ಮೇಲೆ ಆಟ ನಿಂತಿತು. ಭಾಂಡುಪ್‌ನಿಂದ ಬೊರಿವಲಿಗೆ ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಲೈನಿನ ಲೋಕಲ್ ಹಿಡಿಯಬೇಕು. ಮೊದಮೊದಲು ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದರು, ಆಮೇಲೆ ಹಬ್ಬಕ್ಕೊಮ್ಮೆ. ವರ್ಷಗಟ್ಟಲೆ ಕಾದ ಮೇಲೆ ಶಿವಪುತ್ರಪ್ಪನವರ ಮನೆಗೆ ಫೋನು ಬಂತು. ಮೊದಲ ದಿನವೇ ಸತ್ಯಮೂರ್ತಿ ಹೇಳಿದರು:

"ನಕ್ಷೆ ಎರಡು ಮಾಡಿಬಿಡಿ ಸ್ವಾಮಿ. ಒಂದು ನಿಮ್ಮ ಮೇಜಿಗೆ, ಒಂದು ನಮ್ಮ ಮೇಜಿಗೆ. ನಡುವೆ ತಂತಿ ಇದೆಯಲ್ಲ."

ಹಾಗೆಯೇ ಆಯಿತು. ಹಳೆಯ ನಕ್ಷೆಯನ್ನು ಟ್ರೇಸಿಂಗ್ ಕಾಗದಕ್ಕೆ ಇಳಿಸಿ, ಅಮೋನಿಯಾ ವಾಸನೆಯ ಎರಡು ಪ್ರಿಂಟು ತೆಗೆದರು. ಮೇಲೆ ಅಕ್ಷರ, ಬದಿಗೆ ಅಂಕಿ. 'ಕ ಏಳಕ್ಕೆ ಬಂದೆ' ಎಂದರೆ ಅಲ್ಲಿಯೂ ಗುಂಡಿ ಅದೇ ಮನೆಗೆ ಸರಿಯುತ್ತಿತ್ತು. ಪ್ರಿಂಟನ್ನು ಒಯ್ದವನು ಚೆನ್ನಯ. ಉಡುಪಿ ಕಡೆಯವನು, ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ, ಮನೆ ಬೊರಿವಲಿಯಲ್ಲಿ. ತಂತಿಯ ಎರಡು ತುದಿಗೆ ಎರಡು ಮೇಜು, ನಡುವೆ ಇಡೀ ಮುಂಬಯಿ. ಒಂದಷ್ಟು ವರ್ಷ ಆ ಆಟ ಚಾಳಿನ ವರಾಂಡದ ಆಟಕ್ಕಿಂತಲೂ ಚೆನ್ನಾಗಿತ್ತು ಎಂದು ಇಬ್ಬರಿಗೂ ಅನಿಸಿತ್ತು. ಫೋನು ಬಂದ ಮೇಲೆ ಹಬ್ಬಕ್ಕೆ ಹೋಗುವುದೂ ನಿಂತಿತು. ವಾರವಾರವೂ ಮಾತಾಡುವವರು ಮುಖ ನೋಡಲು ಅಷ್ಟು ದೂರ ಯಾಕೆ ಹೋಗಬೇಕು.

ನಕ್ಷೆಯ ಅಳತೆ ಬದಲಾಯಿಸಬೇಕು ಎಂದು ಶಿವಪುತ್ರಪ್ಪನವರಿಗೆ ಅನಿಸಿದ್ದು ಒಂದು ಸಣ್ಣ ತಕರಾರಿನಿಂದ. ಪರಪ್ಪ ಕಂಬದ ಹಿಂದೆ ಅಡಗಿದ್ದ. ಕಾವಲುಗಾರನಿಗೆ ಅವನು ಕಂಡ ಎಂದರು ಸತ್ಯಮೂರ್ತಿ.

"ಹೆಂಗ ಕಾಣತಾನ್ರಿ? ಕಂಬ ಅಡ್ಡ ಐತಲ್ಲ."

"ಕಂಬ, ಕಾವಲು, ಪರಪ್ಪ ಮೂರೂ ಒಂದೇ ಮನೇಲಿವೆ ಸ್ವಾಮಿ. ಯಾರು ಯಾರಿಗೆ ಅಡ್ಡ ಅಂತ ಹೇಳಲಿ?"

ನಕ್ಕು ಬಿಟ್ಟರೆ ಮುಗಿಯುತ್ತಿತ್ತು. ಆದರೆ ಶಿವಪುತ್ರಪ್ಪನವರಿಗೆ ಅದು ತಮ್ಮ ಕೆಲಸದ ಲೋಪವಾಗಿ ಕಂಡಿತು. ಅವರು ಕಲಿತ ಡ್ರಾಯಿಂಗ್ ಆಫೀಸಿನಲ್ಲಿ ಒಂದು ನಿಯಮವಿತ್ತು: ಡ್ರಾಯಿಂಗ್‌ನಲ್ಲಿ ಇಲ್ಲದ್ದು ಶಾಪಿನಲ್ಲಿ, ಅಂದರೆ ಪಂಪು ತಯಾರಾಗುವ ಕಡೆ, ಇರಬಾರದು. ನೋಡುವವನ ಊಹೆಗೆ ಏನನ್ನೂ ಬಿಡಬಾರದು, ಬಿಟ್ಟರೆ ಪಂಪು ಸೋರುತ್ತದೆ. ಆ ನಿಯಮದಿಂದಲೇ ಅವರ ಹೊಟ್ಟೆ ತುಂಬಿತ್ತು. ಮನೆಗಳನ್ನು ಅರ್ಧ ಮಾಡಿದರು. ಅದೂ ಸಾಲದೆನಿಸಿ ಇನ್ನೊಮ್ಮೆ ಅರ್ಧ ಮಾಡಿದರು. ಕೊನೆಗೆ ಒಂದೊಂದು ಮನೆ ತೊಗರಿಕಾಳಿನಷ್ಟಾಯಿತು. ಈಗ ಕಂಬಕ್ಕೊಂದು ಮನೆ, ಅದರ ನೆರಳಿಗೊಂದು ಮನೆ. ಬಾವಿಗೆ ಇಳಿಯುವ ಪ್ರತಿ ಮೆಟ್ಟಿಲು, ಗೋಡೆಯ ಕಿಂಡಿ, ನೀರು ಹರಿಯುವ ತೂಬು ಎಲ್ಲವೂ ಕೂದಲೆಳೆಯ ಗೆರೆಯಲ್ಲಿ ಬಂದವು. ಹಾಗೆ ಬರೆಯುತ್ತ ಹಳೆಯ ತಪ್ಪುಗಳನ್ನೂ ತಿದ್ದಿದರು. ಹಳೆಯದರಲ್ಲಿ ಬಾವಿಯ ಪಕ್ಕ, ಒಬ್ಬರು ಬಗ್ಗಿ ನುಸುಳುವಂಥ ಒಂದು ದಿಡ್ಡಿ ಬಾಗಿಲು ಇತ್ತು. ಆಚೆ ನೇರ ಕಂದಕ. ಯಾವ ಗವಂಡಿಯೂ ಅಲ್ಲಿ ಬಾಗಿಲು ಬಿಡುವುದಿಲ್ಲ. ಅದನ್ನು ಮುಚ್ಚಿ ಗೋಡೆ ಎಳೆದರು. ಹಳೆಯ ಟ್ರೇಸಿಂಗನ್ನು ಹರಿದು ಹಾಕಿದರು. ವಿಜಾಪುರದ ಕೋಟೆ ಕಂಡವರಿಗೂ ಇದು ಒಪ್ಪಿಗೆಯಾಗುವಂಥದ್ದು ಎಂದು ಅವರಿಗೆ ಒಳಗೊಳಗೇ ಹೆಮ್ಮೆ.

ಪ್ರಿಂಟು ಬೊರಿವಲಿ ಮುಟ್ಟಿದ ಭಾನುವಾರ ಸತ್ಯಮೂರ್ತಿ ಹೇಳಿದರು:

"ಅದ್ಭುತ ಸ್ವಾಮಿ. ಆದರೆ ಇಷ್ಟು ಸಣ್ಣ ಮನೇಲಿ ನಿಮ್ಮ ಪರಪ್ಪ ಕಾಲು ಎಲ್ಲಿ ಚಾಚುತ್ತಾನೆ?"

"ಬಾಂಬೇದಾಗ ಇರಾಂವ ಅಲ್ಲೇನ್ರಿ, ಮಡಚಿಕೊಂಡ ಮಲಗತಾನ."

ಇಬ್ಬರೂ ನಕ್ಕರು. ಇನ್ನೊಂದು ವಾರ ಸತ್ಯಮೂರ್ತಿ ಹೆಂಡತಿಯ ಹೆಸರು ತಂದರು. "ನಮ್ಮ ಸುಮಿತ್ರಾ ಅಂತಾಳೆ, ಇದನ್ನ ನೋಡ್ತಾ ಕೂತರೆ ತಲೆನೋವು ಬರುತ್ತಂತೆ."

"ಅವರಿಗ್ಯಾಕ ತಲಿನೋವು? ಅವರೇನ ಆಡತಾರೇನು?"

ಮತ್ತೊಂದು ವಾರ ಕೇಳಿದರು, "ಹಳೆಯ ನಕ್ಷೆ ಮಡಿಕೆಯಲ್ಲೆಲ್ಲ ಹರೀತಾ ಬಂದಿದೆ. ಅದರದ್ದೇ ಇನ್ನೊಂದು ಪ್ರಿಂಟು ಚೆನ್ನಯನ ಕೈಲಿ ಕಳಿಸೋಕಾಗುತ್ತಾ? ಸುಮ್ಮನೆ, ನೆನಪಿಗೆ."

"ಅದರಾಗ ಭಾಳ ತಪ್ಪ ಅದಾವ್ರಿ. ಟ್ರೇಸಿಂಗ್ ಹರದ ಒಗದೀನಿ. ಅದನ್ನ ತಗೊಂಡ ಏನ ಮಾಡತೀರಿ?"

"ಸರಿ ಬಿಡಿ."

ಸತ್ಯಮೂರ್ತಿ ಬೆಳೆದ ಮನೆಯಲ್ಲಿ ಬೇಕು ಎಂಬುದನ್ನು ಬೇಕು ಎಂದು ಹೇಳುವುದು ಒರಟುತನ. ಬಡಿಸುವಾಗ 'ಸಾಕು' ಎಂದವನಿಗೆ ಇನ್ನೊಂದು ಸೌಟು ಹಾಕುವುದು ಅಲ್ಲಿಯ ರೂಢಿ. ಶಿವಪುತ್ರಪ್ಪ ಬೆಳೆದ ಓಣಿಯಲ್ಲಿ ಸಾಕು ಎಂದರೆ ಸಾಕು, ಬೇಕಾದವನು ಕೈ ಚಾಚಿ ಕೇಳುತ್ತಾನೆ. ಒಬ್ಬರು ತಮಗೆ ತಿಳಿದ ಬಗೆಯಲ್ಲೆಲ್ಲ ಕೇಳಿದರು. ಇನ್ನೊಬ್ಬರಿಗೆ ಅದು ಕೇಳಿದಂತೆಯೇ ಅನಿಸಲಿಲ್ಲ.

ಚೆನ್ನಯ ಒಮ್ಮೆ ಹೊಸ ಪ್ರಿಂಟು ಕೊಟ್ಟು ಬಂದು ಹೇಳಿದ್ದ. "ಅಮ್ಮನ ಕೈಗೆ ಕೊಟ್ಟೆ ಮಾರಾಯ್ರೆ. ಸಾಹೇಬ್ರು ಎದುರಿಗೇ ರೇಡಿಯೋ ಇಟ್ಕೊಂಡು ಕೂತಿದ್ರು. ನಾನು ಮಾತಾಡಿದ ಮೇಲೆ 'ಓ, ಚೆನ್ನಯನಾ' ಅಂದ್ರು."

"ರೇಡಿಯೋದಾಗ ಮುಳುಗಿರಬೇಕು," ಎಂದರು ಶಿವಪುತ್ರಪ್ಪ.

ಆಮೇಲೆ ಕತೆ ನಕ್ಷೆಯಿಂದ ಜಾರತೊಡಗಿತು. ಸತ್ಯಮೂರ್ತಿ ಮನೆಯ ಅಕ್ಷರ, ಅಂಕಿ ಹೇಳುವುದನ್ನು ಬಿಟ್ಟರು. "ಅದೆಲ್ಲ ಬೇಡ ಸ್ವಾಮಿ. ಪರಪ್ಪನ ಎಡಕ್ಕೇನಿದೆ, ಬಲಕ್ಕೇನಿದೆ, ಬಾಯಲ್ಲಿ ಹೇಳಿ." ಶಿವಪುತ್ರಪ್ಪನವರಿಗೆ ಅದು ಸೋಮಾರಿತನವಾಗಿ ಕಂಡಿತು. ಅಷ್ಟು ದಿನ ಕೂತು ಬರೆದದ್ದನ್ನು ನೋಡುವಷ್ಟೂ ಪುರುಸೊತ್ತಿಲ್ಲವೇ. ಗೋಡೆ ಇದ್ದಲ್ಲಿ ಸತ್ಯಮೂರ್ತಿ ದಾರಿ ಎನ್ನುತ್ತಿದ್ದರು. ಮೆಟ್ಟಿಲು ಇದ್ದಲ್ಲಿ ಬಯಲು ಎನ್ನುತ್ತಿದ್ದರು. ಶಿವಪುತ್ರಪ್ಪ ಪ್ರತಿ ಸಲವೂ ತಿದ್ದುತ್ತಿದ್ದರು. ತಿದ್ದಿದಾಗ ಆ ಕಡೆಯ ದನಿ ಒಂದು ಕ್ಷಣ ತಡೆದು, "ಹೌದಲ್ಲ," ಎಂದು ಮುಂದೆ ಹೋಗುತ್ತಿತ್ತು. ಕುಂಟ ಜಮಾದಾರ ಮೊದಲಿನಷ್ಟು ಬೈಯುತ್ತಿರಲಿಲ್ಲ. ಕೋಟೆದಾರನ ತಾಯಿ ಬರುವುದೇ ಅಪರೂಪವಾಯಿತು.

ಕೊನೆಯ ಭಾನುವಾರ ಕತೆ ಒಂದು ಕಡಿದಾದ ಜಾಗಕ್ಕೆ ಬಂದಿತ್ತು. ಪರಪ್ಪನ ಗುಟ್ಟು ಬಯಲಾಗಿ ಕೋಟೆಯ ತುಂಬ ದೀವಟಿಗೆ. ತಪ್ಪಿಸಿಕೊಳ್ಳಲು ದಾರಿ ಬೇಕು. ಸತ್ಯಮೂರ್ತಿಯ ದನಿ ಬಹಳ ದಿನಗಳ ಮೇಲೆ ಏರಿತ್ತು.

"ಓಡಿ ಓಡಿ ಬಾವಿ ಹತ್ತಿರ ಬಂದ ಪರಪ್ಪ. ಹಿಂದೆ ಹೆಜ್ಜೆ ಸಪ್ಪಳ. ಮುಂದೆ ನೋಡುತ್ತಾನೆ, ದಿಡ್ಡಿ ಬಾಗಿಲು. ಅಗುಳಿ ತೆಗೆದೇ ಇದೆ. ಯಾರು ತೆಗೆದರು? ಕೋಟೆದಾರನ ತಾಯಿ, ಆ ಮುದುಕಿ, ಸ್ವಾಮಿ. ಅವಳು ಇವನಿಗಾಗಿಯೇ—"

"ಅಲ್ಲಿ ಬಾಗಲಾ ಇಲ್ರಿ."

"ಏನು?"

"ಗ್ವಾಡಿ ಐತಿ, ಆಚಿ ಕಂದಕ. ಎಷ್ಟ ಸಲ ಹೇಳೂದು? ನಕ್ಷಿ ನೋಡಿ ಮಾತಾಡ್ರಿ."

ತಂತಿಯಲ್ಲಿ ಗಾಳಿಯ ಸದ್ದಿನಂಥ ಒಂದು ಸದ್ದು.

"ಆಯ್ತು ಸ್ವಾಮಿ," ಎಂದರು ಸತ್ಯಮೂರ್ತಿ. "ಇವತ್ತಿಗೆ ಸಾಕು."

ಮುಂದಿನ ಭಾನುವಾರ ಫೋನು ಬರಲಿಲ್ಲ. ಅದರ ಮುಂದಿನ ವಾರ ಶಿವಪುತ್ರಪ್ಪ ತಾವೇ ಮಾಡಿದರು. ಸುಮಿತ್ರಾ ಎತ್ತಿ, "ಅವರು ಹೊರಗೆ ಹೋಗಿದಾರೆ," ಎಂದರು. ಹಿಂದೆ ರೇಡಿಯೋ ಕೇಳಿಸುತ್ತಿತ್ತು. ಮತ್ತೆ ಮಾಡಿದಾಗಲೂ ಹೊರಗೆ ಹೋಗಿದ್ದರು. ಆಮೇಲೆ ಶಿವಪುತ್ರಪ್ಪ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ಮೇಜಿನ ಮುಂದೆ ಕೂರುವುದನ್ನು ಮಾತ್ರ ಬಿಡಲಿಲ್ಲ. ಲೋಟಗಳೆಲ್ಲ ಅಡುಗೆಮನೆಯಲ್ಲೇ ಇರುತ್ತಿದ್ದವು. ರಾಚವ್ವನಿಗೆ ಅದನ್ನು ಸಹಿಸಲಾಗಲಿಲ್ಲ.

"ಬೊರಿವಲಿ ಏನ ದಿಲ್ಲಿ ಐತೇನು? ಹೋಗಿ ಬರ್ರಿ."

"ಮನ್ಯಾಗ ಇದ್ದ ಇಲ್ಲ ಅಂತ ಹೇಳಸಾಂವನ ಮನಿಗಿ ಹೋಗಲೇನು?"

"ಮಾತ ಆಡೂದು ಅವರೊಬ್ಬರ ಕೂಡ. ಅದನ್ನೂ ಕಳಕೋರಿ."

ಅವರು ಹೋಗಲಿಲ್ಲ. ಅದರ ಬದಲು ಹೊಸ ನಕ್ಷೆಗೆ ಕೈ ಹಾಕಿದರು. ಕೋಟೆಯ ಜೊತೆಗೆ ಪೇಟೆ, ಕೆರೆ, ಹೊರಗಿನ ತೋಪು, ಮನೆಗಳು ಮೊದಲಿಗಿಂತಲೂ ಸಣ್ಣ. ಇಂಥದ್ದನ್ನು ಬಿಚ್ಚಿ ನೋಡಿದರೆ ಎಂಥವನಿಗೂ ಮತ್ತೆ ಕತೆ ಹೇಳಬೇಕು ಎನಿಸುತ್ತದೆ ಎಂಬುದು ಅವರ ಲೆಕ್ಕ. ಗೆಳೆಯನನ್ನು ಮರಳಿ ಕರೆಯಲು ಅವರಿಗೆ ಗೊತ್ತಿದ್ದ ದಾರಿ ಅದೊಂದೇ. ಸಂಜೆಗಳೆಲ್ಲ ಅದಕ್ಕೇ ಹೋದವು. ಮಳೆಗಾಲ ಕಳೆಯಿತು, ದೀಪಾವಳಿಯೂ ಕಳೆಯಿತು. ನಕ್ಷೆ ಮುಗಿದಾಗ ಚೆನ್ನಯ ರಜೆಯ ಮೇಲೆ ಊರಿಗೆ ಹೋಗಿದ್ದ. ಒಂದು ಭಾನುವಾರ ಶಿವಪುತ್ರಪ್ಪ ತಾವೇ ಹೊರಟರು. ದಾದರ್‌ನಿಂದ ಆಚೆ ಲೋಕಲ್‌ನಲ್ಲಿ ಎದುರಿಗೆ ಕೂತವನು ಅವರ ಕಂಕುಳ ಸುರುಳಿ ನೋಡಿ, "ಬಿಲ್ಡಿಂಗ್ ಕಾ ಪ್ಲಾನ್ ಹೈ ಕ್ಯಾ? ಕಿಧರ್ ಬನ್ ರಹಾ ಹೈ?" ಎಂದು, ಕಟ್ಟಡ ಎಲ್ಲಿ ಏಳುತ್ತಿದೆ ಎಂದು ಕೇಳಿದ.

"ಕಹೀಂ ನಹೀಂ," ಎಂದರು, ಎಲ್ಲಿಯೂ ಇಲ್ಲ ಎಂದು.

ಬಾಗಿಲು ತೆಗೆದ ಸುಮಿತ್ರಾ ಒಳಗೆ ಬನ್ನಿ ಎನ್ನುವುದನ್ನೂ ಮರೆತು ನಿಂತರು. ಒಳಗಿನಿಂದ, "ಯಾರು ಸುಮಿ?" ಎಂಬ ದನಿ ಬಂತು. ಬಾಲ್ಕನಿಯ ಬಳಿ ಕುರ್ಚಿಯಲ್ಲಿ ಸತ್ಯಮೂರ್ತಿ ಕೂತಿದ್ದರು, ಇಳಿದು ಹೋಗಿದ್ದರು. ಮುಖ ಬಾಗಿಲ ಕಡೆಗೇ ಇತ್ತು. ಕಣ್ಣು ಮಾತ್ರ ಶಿವಪುತ್ರಪ್ಪನವರ ಭುಜದಾಚೆ ಎಲ್ಲೋ ನೆಟ್ಟಿತ್ತು.

"ನಾನ್ರಿ."

ಸತ್ಯಮೂರ್ತಿ ಎದ್ದರು. ಕೈ ಗಾಳಿಯಲ್ಲಿ ಕುರ್ಚಿಯ ಬೆನ್ನನ್ನು ಹುಡುಕಿತು. "ಅರೆ, ಪರಪ್ಪನೇ ಬಂದುಬಿಟ್ಟನಲ್ಲ. ಸುಮಿ, ಕಾಫಿ ಇಡು."

ಮೇಜಿನ ಮೇಲೆ ಹಳೆಯ ನಕ್ಷೆ ಇತ್ತು. ಅದೇ ಹೆಬ್ಬೆರಳಿನಗಲದ ಮನೆಗಳು. ಹರಿದ ಮಡಿಕೆಗಳಿಗೆ ಹಿಂದಿನಿಂದ ಬಟ್ಟೆ ಅಂಟಿಸಿತ್ತು. ಗೋಡೆಯ ಗೆರೆಗಳ ಮೇಲೆ ಉದ್ದಕ್ಕೂ ಸ್ವೆಟರಿನ ಉಣ್ಣೆಯ ದಾರವನ್ನು ಗೋಂದಿನಿಂದ ಕೂರಿಸಿತ್ತು. ಬಾವಿಯ ಪಕ್ಕದಲ್ಲಿ ಒಂದು ಕಡೆ ದಾರ ತುಂಡಾಗಿ ನಿಂತು, ಒಂದು ಬೆರಳು ತೂರುವಷ್ಟು ಜಾಗ ಬಿಟ್ಟು, ಮತ್ತೆ ಸುರುವಾಗಿತ್ತು. ಅದು ದಿಡ್ಡಿ ಬಾಗಿಲು. ಅದರ ಎದುರಿನ ಮನೆಯಲ್ಲಿ ಒಂದು ಗುಂಡಿ ಕೂತಿತ್ತು, ಪರಪ್ಪ ಓಡಿ ಬಂದು ನಿಂತಿದ್ದ ಹಾಗೇ. ಅಂದರೆ ಅವರು ಹೇಳಿದ ಬಾಗಿಲುಗಳೆಲ್ಲ ಇದ್ದವು. ದಾರಿಯೂ ಇತ್ತು, ಬಯಲೂ ಇತ್ತು. ಶಿವಪುತ್ರಪ್ಪನವರೇ ಬರೆದು ಕೊಟ್ಟ ಕೋಟೆಯಲ್ಲೇ ಇದ್ದವು.

ಸಣ್ಣ ಮನೆಗಳ ನಕ್ಷೆಗಳು ಕಪಾಟಿನ ಪಕ್ಕ ಸುರುಳಿಯಾಗಿಯೇ ನಿಂತಿದ್ದವು, ರಬ್ಬರ್ ಬ್ಯಾಂಡ್ ಸಮೇತ.

"ಸಕ್ಕರೆ ಕಾಯಿಲೆ," ಎಂದರು ಸುಮಿತ್ರಾ, ಅಡುಗೆಮನೆಯ ಬಾಗಿಲಲ್ಲಿ, ದನಿ ಇಳಿಸಿ. "ಮೊದಲು ನೋಟದ ನಡುಭಾಗ ಹೋಯ್ತು. ದೊಡ್ಡದಾಗಿ ಬರೆದಿದ್ದರೆ ಅಂಚಿನಲ್ಲಿ ಕಾಣ್ತಾ ಇತ್ತು ಅವರಿಗೆ. ಈಗ ಅದೂ ಇಲ್ಲ. ಕೆಲಸವನ್ನೂ ಬಿಟ್ಟರು."

"ನಂಗೊಂದ ಮಾತ ಹೇಳಬಾರದಿತ್ತೇನ್ರಿ?"

"ಹೇಳಬೇಡ ಅಂದಿದ್ದರು. ಗೊತ್ತಾದರೆ ನೀವು ಗೆರೆ ಎಳೆಯೋದನ್ನೇ ಬಿಡ್ತೀರಿ, ನಿಮ್ಮ ಕೈಗೆ ಅದು ಬೇಕು ಅಂತ."

ಸತ್ಯಮೂರ್ತಿಗೆ ಎಲ್ಲವೂ ಕೇಳಿಸಿತ್ತು. "ನಾನು ಕೇಳಿದ್ದೆ ಸ್ವಾಮಿ," ಎಂದರು. "ಮನೆ ದೊಡ್ಡದು ಮಾಡಿ ಅಂತ, ನನ್ನ ಬಗೆಯಲ್ಲಿ."

"ಕೇಳಿದ್ರಿ. ಕಣ್ಣ ಹೋಗ್ಯಾವ ಅಂತ ಹೇಳಲಿಲ್ಲ."

"ಹೌದು. ಅದನ್ನ ಹೇಳಲಿಲ್ಲ."

ಕಾಫಿ ಬಂತು. ಶಿವಪುತ್ರಪ್ಪ ಸುರುಳಿಯನ್ನು ಕುರ್ಚಿಯ ಕೆಳಗೆ ಸರಿಸಿದರು.

"ಏನೋ ಕಾಗದದ ಸದ್ದಾಯಿತಲ್ಲ?"

"ಏನಿಲ್ರಿ. ಆಫೀಸಿಂದು."

"ಭಾನುವಾರವೂ ಆಫೀಸೇ," ಎಂದು ಸತ್ಯಮೂರ್ತಿ ನಕ್ಕರು. ಹೊರಡುವಾಗ ಶಿವಪುತ್ರಪ್ಪ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋದರು. ಮರಳುವ ದಾರಿಯ ಲೋಕಲ್‌ನಲ್ಲಿ ಯಾರೂ ಏನೂ ಕೇಳಲಿಲ್ಲ.

ಆಮೇಲೆ ಅವರು ಮತ್ತೊಂದು ನಕ್ಷೆ ಬರೆದರು. ಮನೆಗಳು ಹೆಬ್ಬೆರಳಿಗಿಂತ ಅಗಲ. ಎರಡೂ ಪ್ರಿಂಟಿನ ಗೋಡೆಗಳಿಗೆ ಸೆಣಬಿನ ಹುರಿ ಅಂಟಿಸಿದರು, ತಮ್ಮದಕ್ಕೂ. ರಾಚವ್ವ ಹುರಿ ಹಿಡಿದು ಕೊಟ್ಟರು, ತಮಾಷೆ ಮಾಡಲಿಲ್ಲ. ದಿಡ್ಡಿ ಬಾಗಿಲನ್ನು ಮತ್ತೆ ಅದೇ ಜಾಗದಲ್ಲಿ ಬಿಟ್ಟರು. ಚೆನ್ನಯ ಒಯ್ದು ಕೊಟ್ಟ. ಭಾನುವಾರ ಫೋನು ಬಂತು. ಲೋಟಗಳು ಮೂಲೆ ಹಿಡಿದು ನಿಂತವು.

"ಪರಪ್ಪ ಬಾವಿ ಹತ್ತಿರ ಬಂದ," ಎಂದು ಸುರು ಮಾಡಿದರು ಸತ್ಯಮೂರ್ತಿ. "ಮುಂದೆ ನೋಡುತ್ತಾನೆ." ಅಲ್ಲಿಗೆ ನಿಂತರು. ಹುರಿಯ ಮೇಲೆ ಬೆರಳು ಉಜ್ಜುವ ಸದ್ದು ತಂತಿಯಲ್ಲಿ ಕೇಳುತ್ತಿತ್ತು. "ಇಲ್ಲಿ ಬಾಗಿಲಿದೆಯಾ ಸ್ವಾಮಿ?"

"ಐತ್ರಿ. ಹುರಿ ಎಲ್ಲಿ ತುಂಡಾಗೇತಿ, ಅಲ್ಲೇ ಬೆರಳ ಇಡ್ರಿ."

"ಖಂಡಿತ ತಾನೆ?"

"ಐತ್ರಿ. ಆಚಿ ಏನ ಐತಿ ಅನ್ನೂದನ್ನ ನೀವ ಹೇಳಬೇಕು."

"ಆಚೆ ಕಂದಕ ಅಲ್ಲವೇ? ನೀವು ಹಿಂದೆ ಹಾಗೆ ಹೇಳಿದ್ದಿರಿ. ಕಂದಕವೇ ಇರಬೇಕು." ಮತ್ತೆ ಬೆರಳಿನ ಸದ್ದು. "ಅಲ್ಲಿ ಯಾರಾದರೂ ನಿಲ್ಲಬಹುದಾ? ಜಾಗ ಇದೆಯಾ?"

ಆ ಮುದುಕಿ ಅಗುಳಿ ತೆಗೆದು ಕಾದಿದ್ದಳು ಎಂಬುದನ್ನು ಸತ್ಯಮೂರ್ತಿ ಹೇಳಲಿಲ್ಲ. ಮರೆತಿದ್ದರೋ, ಈಗ ಹೇಳಲು ಅಂಜಿದರೋ. ಬೇಕೆಂದಲ್ಲಿ ಬಾಗಿಲು ಎಬ್ಬಿಸುತ್ತಿದ್ದ ಮನುಷ್ಯ ಪ್ರತಿ ಹೆಜ್ಜೆಗೂ ಕೇಳುತ್ತಿದ್ದರು. ಕೇಳಿದ್ದಕ್ಕೆಲ್ಲ ಶಿವಪುತ್ರಪ್ಪ ಐತ್ರಿ ಎಂದರು. ಇಲ್ಲದ್ದಕ್ಕೂ ಐತ್ರಿ ಎಂದರು. ಹಾಗೆಂದಷ್ಟೂ ಆ ಕಡೆಯ ಮಾತು ಚಿಕ್ಕದಾಯಿತು. ಕೊನೆಗೆ ಶಿವಪುತ್ರಪ್ಪ ಮೂಲೆಯ ಲೋಟಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟರು. ನಕ್ಷೆ ತಾನಾಗಿ ಸುರುಳಿ ಸುತ್ತಿಕೊಂಡಿತು.

"ನಾನೂ ನಕ್ಷಿ ಮುಚ್ಚೀನ್ರಿ," ಎಂದರು. "ಇನ್ನ ನೀವ ಹೇಳಿದ್ದ ಖರೆ."

"ಮುಚ್ಚಬೇಡಿ ಸ್ವಾಮಿ," ಎಂದರು ಸತ್ಯಮೂರ್ತಿ, ಮೆಲ್ಲಗೆ. "ಇಬ್ಬರಲ್ಲಿ ಒಬ್ಬರಾದರೂ ನೋಡ್ತಾ ಇರಬೇಕಲ್ಲ."

ಶಿವಪುತ್ರಪ್ಪ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದರಲ್ಲಿ ನಕ್ಷೆಯನ್ನು ಮತ್ತೆ ಬಿಡಿಸಿದರು. ಒಂದು ಕೈಗೆ ಅದು ಪೂರಾ ಬಿಚ್ಚಿಕೊಳ್ಳಲಿಲ್ಲ. ರಾಚವ್ವ ಬಂದು ಇನ್ನೊಂದು ಬದಿಯನ್ನು ಹಿಡಿದು ನಿಂತರು.